ಎಲೆ ತಾನಾಗಿ ಬಿಡುವವರೆಗೆ

ಮನೆ ಖಾಲಿ ಮಾಡಲು ನಮಗೆ ಎರಡು ತಿಂಗಳ ಗಡುವು ಸಿಕ್ಕಿತ್ತು. ಅಂಗಳದ ಲಿಲ್ಲಿ ಗಡ್ಡೆಗಳಿಗೆ ಮೂರು ತಿಂಗಳು ಬೇಕಾಗಿತ್ತು. ಫಜೀತಿ ಶುರುವಾದದ್ದು ಅಲ್ಲಿಂದ.

ನಮಗೆ ಎಂದರೆ ನನಗೆ ಮತ್ತು ಅಕ್ಕನಿಗೆ. ಒಡಹುಟ್ಟಿದ ಅಕ್ಕನಲ್ಲ, ನನ್ನ ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಅವಳನ್ನು ‘ನೀವು’ ಎನ್ನುತ್ತಿದ್ದೆ. “ನೀವು ಅಂದಾಗೆಲ್ಲ ನನ್ನ ಹಿಂದೆ ಇನ್ಯಾರೋ ಬಂದು ನಿಂತಿದಾರೆ ಅಂತ ತಿರುಗಿ ನೋಡೋ ಹಾಗಾಗುತ್ತೆ ಕಣೆ” ಎಂದು ಅವಳೇ ಆ ಅಭ್ಯಾಸ ಬಿಡಿಸಿದಳು. ಅದಾಗಿ ನಲವತ್ತಾರು ವರ್ಷ. ಗಂಡಂದಿರು ಇಬ್ಬರೂ ಹೋದ ಮೇಲೂ ಅದೇ ಬಾಡಿಗೆ ಮನೆಯಲ್ಲಿ, ಒಂದೇ ಅಡಿಗೆಮನೆಯಲ್ಲಿ ನಾವಿಬ್ಬರೂ ಉಳಿದೆವು. ನನಗೊಬ್ಬ ಮಗ. ಅವಳಿಗೆ ಮಕ್ಕಳಿಲ್ಲ. ಆದರೆ ನನ್ನ ಮಗ ಮೊದಲು ಬಿದ್ದು ಅತ್ತದ್ದು, ಮೊದಲು ಸುಳ್ಳು ಹೇಳಿ ಸಿಕ್ಕಿಬಿದ್ದದ್ದು ಎಲ್ಲ ಅವಳ ಮಡಿಲಲ್ಲೇ.

ಮನೆಯ ಮುಂದೆ, ಕಿಟಕಿಯ ಕೆಳಗೆ, ಮೂರು ಹೆಜ್ಜೆ ಉದ್ದದ ಮಣ್ಣಿನ ಪಟ್ಟಿ. ಅದರ ತುಂಬ ಅಕ್ಕನ ಲಿಲ್ಲಿಗಳು. ಬಿಳಿ ಹೂವು, ಒಂದೊಂದು ಎಸಳಿನ ನಡುವೆ ಬೆರಳಿನಿಂದ ಎಳೆದ ಹಾಗೆ ಒಂದು ಕೆಂಪು ಗೆರೆ. ಆ ವರ್ಷದ ಹೂವು ಮುಗಿದು ಎಲೆಗಳು ಮಾತ್ರ ಹಸಿರಾಗಿ ನಿಂತಿದ್ದವು. ಮನೆಯ ಒಡತಿ ಬಂದು, ಗೋಡೆಗಳು ಬಾಯಿಬಿಟ್ಟಿವೆ, ಕೆಡವಿ ಹೊಸದಾಗಿ ಕಟ್ಟಿಸುತ್ತೇನೆ ಎಂದಾಗ ಅಕ್ಕ ಕೇಳಿದ್ದು ಒಂದೇ ಮಾತು.

“ಎಲೆ ಬಿದ್ದ ಮೇಲೆ ಕೆಡವಬಹುದಲ್ಲ?”

ಒಡತಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಹೂ ಮುಗಿದ ಮೇಲೆಯೇ ಗಡ್ಡೆ ಹೊಟ್ಟೆ ತುಂಬಿಸಿಕೊಳ್ಳುವುದು, ಎಲೆಯ ಮೂಲಕ. ಎಲೆ ಹಸಿರಾಗಿರುವಾಗ ಕಿತ್ತರೆ ಉಣ್ಣುತ್ತಿರುವವರ ತಟ್ಟೆ ಎಳೆದ ಹಾಗೆ. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವಳು. ಇದನ್ನು ಪುಸ್ತಕದಲ್ಲಿ ಓದಿ ಪಾಸಾಗಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಅಕ್ಕ ಬೆರಳಿನಿಂದಲೇ ಕಲಿತಿದ್ದಳು. ಆ ಕಾರಣಕ್ಕೇ ಅವಳು ನನ್ನನ್ನು ಕೋಪ ಬಂದಾಗ, ಪ್ರೀತಿ ಬಂದಾಗ, ಎರಡೂ ಸಲ ‘ಬಿ.ಎಸ್ಸಿ.’ ಎಂದು ಕರೆಯುತ್ತಿದ್ದಳು.

ನಾವು ಮಗನ ಮನೆಗೆ ಹೋಗುವುದೆಂದು ನಾನು ತಿಳಿದಿದ್ದೆ. ಅವನು ಹಿಂದಿನ ವರ್ಷವಷ್ಟೇ ಊರಿನ ಇನ್ನೊಂದು ತುದಿಯಲ್ಲಿ ಸಣ್ಣದೊಂದು ಮನೆ ಕಟ್ಟಿಕೊಂಡಿದ್ದ. ಅದರಲ್ಲಿ ರಸ್ತೆ ಬದಿಗೆ ಒಂದು ಖಾಲಿ ಕೋಣೆ. ಎರಡು ಮಂಚ ಹಿಡಿಸುತ್ತವೆ. ಅದರಲ್ಲಿ ಮಾತಾಡುವುದೇನಿದೆ?

ಮಾತಾಡುವುದಿತ್ತು. ಒಂದು ಮಧ್ಯಾಹ್ನ ಅಕ್ಕ ನಾಲ್ಕು ಹಾಳೆಯ ಒಂದು ಅರ್ಜಿ ತಂದು ನನ್ನ ಮುಂದೆ ಇಟ್ಟಳು.

“ಇಲ್ಲಿ ಕೆಳಗೆ ಸಣ್ಣ ಅಕ್ಷರದಲ್ಲಿ ಏನಿದೆ ಓದು ಬಿ.ಎಸ್ಸಿ. ನನ್ನ ಕಣ್ಣಿಗೆ ಇರುವೆ ಸಾಲು ಹೋದ ಹಾಗೆ ಕಾಣುತ್ತೆ.”

ಅದು ಊರಾಚೆಯ ವೃದ್ಧಾಶ್ರಮದ ಅರ್ಜಿ. ಹೆಸರು, ವಯಸ್ಸು, ಇರುವ ಕಾಯಿಲೆಗಳು ಎಲ್ಲವನ್ನೂ ಅವಳು ತನ್ನ ದುಂಡು ಅಕ್ಷರದಲ್ಲಿ ತುಂಬಿಸಿದ್ದಳು.

“ಇದು ಯಾಕೆ?”

“ಮೂರು ತಿಂಗಳಲ್ಲಿ ಅಲ್ಲೊಂದು ಕೋಣೆ ಖಾಲಿ ಆಗುತ್ತಂತೆ. ಹಿಂದುಗಡೆ ತೋಟ ಇದೆ. ಗಡ್ಡೆ ತಂದು ನೆಟ್ಕೊಳ್ಳಿ ಅಂದ್ರು. ನಿನ್ನ ಮಗನ ಮನೇಲಿ ಮಣ್ಣೆಲ್ಲಿದೆ? ಗೇಟಿಂದ ಹೊಸ್ತಿಲವರೆಗೂ ಸಿಮೆಂಟು. ಅಲ್ಲಿ ಒಂದು ಹುಲ್ಲು ಹುಟ್ಟಬೇಕು ಅಂದ್ರೂ ಅರ್ಜಿ ಹಾಕಬೇಕು.”

“ಗಡ್ಡೆಗೋಸ್ಕರ ಯಾರಾದ್ರೂ ಆಶ್ರಮಕ್ಕೆ ಹೋಗ್ತಾರಾ ಅಕ್ಕ?”

“ಯಾಕೆ ಹೋಗಬಾರದು? ಜನ ಎಂಥೆಂಥದಕ್ಕೋ ಎಲ್ಲೆಲ್ಲಿಗೋ ಹೋಗ್ತಾರೆ. ನೀನು ಓದು.”

ಓದಿದೆ. ಅಷ್ಟೇ ನನ್ನಿಂದಾದದ್ದು. ಬೇಡ, ನೀನು ನಮ್ಮ ಜೊತೆ ಬಾ ಎನ್ನಬೇಕಿತ್ತು. ಆ ಮಾತು ನಾಲಿಗೆಯ ತುದಿಯವರೆಗೆ ಬಂತು. ಆದರೆ ಮನೆ ನನ್ನದಲ್ಲ, ಮಗ ಸೊಸೆಯದು. ನಾನೇ ಅಲ್ಲಿಗೆ ಹೊಸದಾಗಿ ಹೋಗುವವಳು, ಇನ್ನೊಬ್ಬರನ್ನು ಕರೆಯಲು ನಾನ್ಯಾರು ಎಂಬ ಅಳುಕು. ಮಗನಿಗೆ ಹೇಳೋಣವೆಂದರೆ, ಹೇಳಿಸಿಕೊಂಡು ಕರೆದ ಕರೆ ಕರೆಯೇ ಅಲ್ಲ ಎನ್ನುವವಳು ಅಕ್ಕ.

ಆಮೇಲೆ ನನ್ನ ಓದಿದ ತಲೆ ಒಂದು ಉಪಾಯ ಹುಡುಕಿತು. ಗಡ್ಡೆ ಎಲ್ಲಿಗೆ ಹೋಗುತ್ತದೋ ಅಕ್ಕ ಅಲ್ಲಿಗೆ. ಹಾಗಾದರೆ ಆಶ್ರಮದ ಕೋಣೆ ಖಾಲಿಯಾಗುವುದಕ್ಕೆ ಮೊದಲೇ ಎಲೆ ಒಣಗಿಬಿಟ್ಟರೆ? ಗಡ್ಡೆ ಅಗೆದು, ಮಗನ ಮನೆಯಲ್ಲಿ ಕುಂಡಗಳಲ್ಲಾದರೂ ಊರಿಬಿಟ್ಟರೆ?

ಅಕ್ಕನ ಮಂಡಿ ನೋವಿನಿಂದಾಗಿ ಬೆಳಿಗ್ಗೆ ನೀರು ಹಾಕುವ ಕೆಲಸ ನನ್ನದಾಗಿತ್ತು. ಅವಳು ಒಳಗೆ ಕಿಟಕಿಯ ಪಕ್ಕ ಕೂತು ನೀರಿನ ಸದ್ದು ಕೇಳುತ್ತಿದ್ದಳು. ಸದ್ದು ಆಗಲೇಬೇಕಲ್ಲ, ಹಾಗಾಗಿ ನಾನು ಲಿಲ್ಲಿಗೆ ಒಂದು ಹನಿಯನ್ನೂ ಹಾಕದೆ ಇಡೀ ಕ್ಯಾನನ್ನು ಪಕ್ಕದ ದಾಸವಾಳದ ಬುಡಕ್ಕೆ ಸುರಿದು ಬರುತ್ತಿದ್ದೆ. ಐದು ವಾರ. ಲಿಲ್ಲಿಯ ಎಲೆಗಳ ತುದಿ ಸುರುಟಿದವು, ಆಮೇಲೆ ಅರ್ಧ ಎಲೆ ಕಂದಾಯಿತು. ಆದರೂ ನಿಲ್ಲಿಸಲಿಲ್ಲ.

ಒಂದು ಬೆಳಿಗ್ಗೆ ನಾನು ಕ್ಯಾನ್ ಹಿಡಿದು ಹೊರಗೆ ಬರುವಷ್ಟರಲ್ಲಿ ಅಕ್ಕ ಮಣೆ ಹಾಕಿಕೊಂಡು ಮಣ್ಣಿನ ಪಟ್ಟಿಯ ಪಕ್ಕ ಕೂತಿದ್ದಳು. ಎರಡು ಬೆರಳಲ್ಲಿ ಒಂದು ಎಲೆ ಹಿಡಿದು ಎಳೆಯುತ್ತಿದ್ದಳು.

“ಇಲ್ಲಿ ಬಾ. ಇದನ್ನ ಎಳಿ.”

ಎಳೆದೆ. ಎಲೆ ಹಳೇ ಪೇಪರಿನ ಹಾಗೆ ಪುಡಿಯಾಯಿತು, ಬುಡ ಮಾತ್ರ ಗಟ್ಟಿಯಾಗಿ ಕಚ್ಚಿಕೊಂಡೇ ಇತ್ತು.

“ನೆಮ್ಮದಿಯಾಗಿ ಹಣ್ಣಾದ ಎಲೆ ಹೀಗಿರಲ್ಲ. ಹಿಡಿದರೆ ಸಾಕು, ತಾನಾಗೇ ಬಿಟ್ಟು ಕೈಗೆ ಬರುತ್ತೆ. ಇದು ಬಾಯಾರಿ ಒಣಗಿದ್ದು.” ಅವಳು ಪಕ್ಕಕ್ಕೆ ತಿರುಗಿದಳು. “ಅದೇ ಈ ದಾಸವಾಳ ನೋಡು. ಹುಟ್ಟಿದಾಗಿಂದ ನಾಲ್ಕು ಹೂ ಬಿಟ್ಟಿದ್ದಿಲ್ಲ, ಈಗ ಗೋಡೆ ಹತ್ತಿ ಪಕ್ಕದ ಮನೆ ಇಣುಕ್ತಿದೆ. ಏನೇ, ದಾಸವಾಳಕ್ಕೆ ಬಾಣಂತನ ಮಾಡ್ತಿದೀಯಾ?”

ನನಗೆ ನಗುವೂ ಬಂತು, ಅಳುವೂ ಬಂತು. ಕ್ಯಾನ್ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಆಶ್ರಮಕ್ಕೆ ಮೊದಲೇ ಗಡ್ಡೆ ಸಾಗಿಸಬೇಕೆಂದದ್ದು, ಸದ್ದಿಗೆಂದು ನೀರು ಸುರಿದದ್ದು, ಎಲ್ಲ. ಅವಳು ಬಯ್ಯುತ್ತಾಳೆಂದು ಕಾದೆ. ಅವಳು ಒಣಗಿದ ಎಲೆಯ ಪುಡಿಯನ್ನು ಸೆರಗಿಗೆ ಒರೆಸಿಕೊಂಡಳು.

“ನನ್ನ ಕರೆಯೋದಕ್ಕೆ ಇವನ್ನ ಯಾಕೆ ಬಾಯಾರಿಸಿದೆ? ಬಾಯಿಬಿಟ್ಟು ಕರೆದಿದ್ರೆ ಆಗ್ತಿರಲಿಲ್ವಾ?”

“ಕರೆಯೋದು ಏನಿದೆ ಅಕ್ಕ? ನೀನು ಬರ್ತೀಯ ಅಂತಾನೇ ಎಲ್ಲರೂ…”

“ಎಲ್ಲರೂ ಅಂದ್ಕೊಂಡ್ರಿ. ಯಾರೂ ಅನ್ನಲಿಲ್ಲ. ನಿನ್ನ ಮಗ ಬಂದು ನಿನ್ನ ಪೆಟ್ಟಿಗೆ ಎಷ್ಟು ಅಂತ ಎಣಿಸ್ಕೊಂಡು ಹೋದ. ನನ್ನ ಪೆಟ್ಟಿಗೆ ಕೇಳಲಿಲ್ಲ.” ಅವಳ ದನಿಯಲ್ಲಿ ಕೋಪ ಇರಲಿಲ್ಲ. ಅದೇ ಹೆಚ್ಚು ಚುಚ್ಚಿತು. “ಗಂಡನ ಮನೆ ಅಂತ ಬಂದೆ, ಅದು ಸರಿ. ಮೈದುನನ ಮನೆ ಅಂತ ಇದ್ದೆ, ಅದೂ ಸರಿ. ಈಗ ಮೈದುನನ ಸೊಸೆಯ ಮನೆಗೆ ಯಾವ ಮುಖ ಇಟ್ಕೊಂಡು ಕರೆಯದೇ ಹೋಗ್ಲಿ? ಕರೆಯದ ಮನೆಯಲ್ಲಿ ಕೂರೋದಕ್ಕಿಂತ ಅರ್ಜಿ ಹಾಕಿದ ಮನೇಲಿ ಕೂರೋದು ವಾಸಿ. ಈಗ ಆ ನೀರು ಇವಕ್ಕೆ ಹಾಕು. ನಿಧಾನವಾಗಿ. ಒಂದೇ ಸಲ ಸುರೀಬೇಡ, ತಡ್ಕೊಳ್ಳಲ್ಲ.”

ನಾನು ಅಂದು ಮಧ್ಯಾಹ್ನವೇ ಬಸ್ಸು ಹತ್ತಿ ಸೊಸೆ ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಹೋದೆ.

ನನ್ನ ಸೊಸೆ ಮಾತನ್ನು ಅಳೆದು ಕೊಡುವವಳು. ಮನೆಗೆ ಬಂದವರು ಅವಳನ್ನು ಬಿಗುಮಾನದವಳು ಎನ್ನುತ್ತಾರೆ. ಅಂಗಡಿಯಲ್ಲಿ ನೋಡಬೇಕು ಅವಳನ್ನು. ವಯಸ್ಸಾದವರೊಬ್ಬರಿಗೆ ಹೊಸ ಕನ್ನಡಕ ಕೊಡುತ್ತಿದ್ದಳು. ಕೈಗೆ ಕೊಡುವ ಮುನ್ನ ಅದರ ಕಡ್ಡಿಗಳನ್ನು ತನ್ನ ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿದಳು, ಕಿವಿಯ ಹಿಂದೆ ತಣ್ಣಗೆ ತಾಗದಿರಲಿ ಎಂದು. ಅವರಿಗೆ ಅದು ಗೊತ್ತಾಗಲಿಲ್ಲ. ಇವಳು ಹೇಳಲೂ ಇಲ್ಲ.

ಅವರು ಹೋದ ಮೇಲೆ ನಾನು ವಿಷಯ ಹೇಳಿದೆ. ಅವಳು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಕೆಳಗಿಟ್ಟಳು.

“ಕರೀಬೇಕಾಗಿತ್ತಾ? ದೊಡ್ಡತ್ತೆ ಕೈಗೆ ಎಟುಕಲಿ ಅಂತ ಬಚ್ಚಲುಮನೆ ಮೊಳೆ ಇಳಿಸಿ ಹೊಡೆಸಿದೀನಿ. ಕಿಟಕಿ ಪರದೆ ಅವರಿಗೆ ಬೆಳಕು ಬರೋ ಹಾಗೆ ತೆಳು ಬಟ್ಟೇಲಿ ಹೊಲಿಸಿದೀನಿ. ಇಷ್ಟೆಲ್ಲ ಮಾಡಿದ ಮೇಲೂ…” ಅಲ್ಲಿಗೇ ನಿಲ್ಲಿಸಿದಳು. ಬಟ್ಟೆಯನ್ನು ಮತ್ತೆ ಎತ್ತಿಕೊಂಡು, ತನಗೆ ತಾನೇ ಎನ್ನುವ ಹಾಗೆ, “ಹೌದಲ್ಲ, ಅವರಿಗೆ ಹೇಗೆ ಗೊತ್ತಾಗಬೇಕು?” ಎಂದಳು.

“ನಾನು ಹೇಳ್ದೆ ಅಂತ ಗೊತ್ತಾಗಬಾರದು ಕಣಮ್ಮ.”

“ಅತ್ತೆ, ನೀವು ದಾಸವಾಳಕ್ಕೆ ನೀರು ಹಾಕಿದ್ದೇ ಗೊತ್ತಾಗಿದೆ ಅವರಿಗೆ. ಇದು ಗೊತ್ತಾಗಲ್ವಾ? ಗೊತ್ತಾಗಲಿ ಬಿಡಿ.”

ಭಾನುವಾರ ಬೆಳಿಗ್ಗೆ ಅವಳು ಒಬ್ಬಳೇ ಬಂದಳು. ಅದೇ ಹೊತ್ತಿಗೆ ನಮ್ಮ ಮನೆ ಕೆಡವಲು ಒಪ್ಪಿಕೊಂಡಿದ್ದ ಮೇಸ್ತ್ರಿಯೂ ಗೋಡೆ ಅಳೆಯಲು ಬಂದಿದ್ದ. ಸೊಸೆ ಚಪ್ಪಲಿ ಬಿಟ್ಟು ಒಳಗೆ ಬಂದು, ಕೂರದೆ, ಅಕ್ಕನ ಎದುರು ನಿಂತಳು. ಪಾಠ ಒಪ್ಪಿಸುವ ಹುಡುಗಿಯ ಹಾಗೆ ಕಂಡಳು.

“ದೊಡ್ಡತ್ತೆ, ನೀವು ನಮ್ಮನೆಗೆ ಬಂದು ಇರಬೇಕು. ಕರೆಯೋಕೆ ಬಂದಿದೀನಿ.”

ಅಕ್ಕ ನನ್ನ ಕಡೆ ಒಂದು ನೋಟ ಎಸೆದಳು. ನಾನು ಚಾವಣಿ ನೋಡಿದೆ.

“ಹೇಳಿಕೊಟ್ಟು ಕಳಿಸಿದ್ದಾ?”

“ಹೌದು,” ಎಂದಳು ಸೊಸೆ. “ನನಗೆ ತೋಚಲಿಲ್ಲ, ಅತ್ತೆ ಹೇಳಿದ್ರು. ಅದು ನನ್ನ ತಪ್ಪು. ಆದ್ರೆ ಬಂದಿದ್ದು ನಾನೇ.”

ಅಕ್ಕ ತನ್ನ ಹಳೇ ಕೋಟೆಗೇ ಹೋಗಿ ನಿಂತಳು.

“ನನಗಲ್ಲಮ್ಮ ಜಾಗ ಬೇಕಾಗಿರೋದು. ಗಡ್ಡೆಗೆ. ನಿಮ್ಮಲ್ಲಿ ಎಲ್ಲಾ ಸಿಮೆಂಟು.”

“ನಿಮ್ಮ ಕೋಣೆ ಕಿಟಕಿ ಕೆಳಗೆ ಒಡೆಸಬೇಕು ಅಂತಿದೀನಿ. ಎಷ್ಟು ಅಗಲ, ಎಷ್ಟು ಆಳ ಅಂತ ಗೊತ್ತಾಗಲಿಲ್ಲ.”

“ಹೊಸ ಮನೆ. ಒಡೀತೀಯಾ?”

“ಒಡೆಯೋಕೆ ಹೊಸದೇನು ಹಳೇದೇನು ದೊಡ್ಡಮ್ಮ?” ಎಂದ ಮೇಸ್ತ್ರಿ, ಅಳತೆಯ ಟೇಪು ಸುತ್ತುತ್ತ, ಬಾಗಿಲಿನಿಂದ. “ನನಗೆ ಎರಡೂ ಒಂದೇ. ಭಾನುವಾರ ಒಂದು ಗಂಟೆ ಕೆಲಸ, ನಾನೇ ಬಂದು ಹೊಡೆದುಕೊಡ್ತೀನಿ.”

“ನೀನು ಇಲ್ಲಿ ನನ್ನ ಗಡ್ಡೆ ಮೇಲೆ ಇಟ್ಟಿಗೆ ಬೀಳಿಸೋನು, ಅಲ್ಲಿ ಬಂದು ಉಪಕಾರ ಮಾಡ್ತೀಯಾ?”

ಮೇಸ್ತ್ರಿ ಹೊರಗೆ ಹೋಗಿ ಆ ಪಟ್ಟಿಯನ್ನು ನೋಡಿ ಬಂದ. “ಎಷ್ಟು ದಿನ ಬೇಕು ಇವಕ್ಕೆ?”

“ಈ ಬಿ.ಎಸ್ಸಿ. ಮಾಡಿದ ಘನಕಾರ್ಯದಿಂದ ಇನ್ನೂ ಒಂದು ವಾರ ಜಾಸ್ತಿ. ನೀವು ಮನೆ ಬಿಡಿಸಿದ ಮೇಲೆ ಐದು ವಾರ ಅಂತ ಇಟ್ಕೊ.”

“ಹಾಗಾದ್ರೆ ನಾವು ಹಿಂದುಗಡೆಯಿಂದ ಕೆಡವ್ತಾ ಬರ್ತೀವಿ. ಈ ಮೂಲೆ ಕೊನೆಗೆ. ಮೇಲೆ ಹಲಗೆ ಅಡ್ಡ ಕೊಡ್ತೀನಿ, ಒಂದು ಕಲ್ಲೂ ಬೀಳಲ್ಲ.”

ಅಕ್ಕ ಸೊಸೆಯ ಕೈ ಹಿಡಿದು ಅವಳ ಅಂಗೈ ಬಿಡಿಸಿ, ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಯವರೆಗೆ ತೋರಿಸಿದಳು. “ಆಳ ನಿನ್ನ ಗೇಣಿನಲ್ಲಿ ಎರಡು. ಕೆಳಗೆ ಜಲ್ಲಿ ಇದ್ರೆ ಪೂರ್ತಿ ತೆಗೆಸು.” ಆಮೇಲೆ, ಎಲ್ಲಿ ಹೆಚ್ಚು ಒಪ್ಪಿಕೊಂಡುಬಿಟ್ಟೆನೋ ಎನ್ನುವ ಹಾಗೆ ಕೈ ಬಿಟ್ಟಳು. “ಗಡ್ಡೆ ನೆಡೋವರೆಗೆ ಬಂದು ಇರ್ತೀನಿ. ಅರ್ಜಿ ಹಾಗೇ ಇರಲಿ. ಆಮೇಲೆ ನೋಡೋಣ.”

ಸೊಸೆ ತಲೆಯಾಡಿಸಿದಳು. ಒತ್ತಾಯ ಮಾಡಲಿಲ್ಲ. ಅವಳ ಕಡೆಯಿಂದ ನಾನು ಕಂಡ ದೊಡ್ಡ ಉಪಕಾರ ಅದೇ ಇರಬೇಕು.

ತಿಂಗಳ ಕೊನೆಗೆ ನಾವು ಮನೆ ಬಿಟ್ಟೆವು. ಮಗ ತಾನೇ ಬಂದು ದೊಡ್ಡಮ್ಮನ ಪೆಟ್ಟಿಗೆಗಳನ್ನು ಮೊದಲು ಹೊತ್ತ. ಲಿಫ್ಟ್ ರಿಪೇರಿ ಅವನ ಕಸುಬು. “ಊರವರನ್ನೆಲ್ಲ ಗುಂಡಿ ಒತ್ತಿ ಮೇಲೆ ಹತ್ತಿಸ್ತೀಯ, ನಮ್ಮ ಸಾಮಾನಿಗೆ ಮಾತ್ರ ನಿನ್ನ ಬೆನ್ನು” ಎಂದು ಅಕ್ಕ ಅವನನ್ನು ರೇಗಿಸಿದಳು. ಅವನಿಗೆ ಏನೋ ಹೇಳಬೇಕೆಂದಿತ್ತು. ಕೊನೆಗೆ, “ದೊಡ್ಡಮ್ಮ, ನಿನ್ನ ಮಂಚ ಕಿಟಕಿ ಕಡೆಗೆ ಹಾಕಿದೀನಿ” ಎಂದಷ್ಟೇ ಹೇಳಿ ತಲೆ ತಗ್ಗಿಸಿದ.

ಹೊಸ ಮನೆಯಲ್ಲಿ ಅಕ್ಕ ನೆಂಟರ ಹಾಗಿದ್ದಳು. ನಲವತ್ತಾರು ವರ್ಷದಲ್ಲಿ ನಾನು ಕಾಣದ ಅಕ್ಕ. ಫ್ಯಾನ್ ಹಾಕಲಾ ಎಂದು ಕೇಳುತ್ತಿದ್ದಳು. ಟೀ ಕಪ್ಪನ್ನು ಎಲ್ಲಿಂದ ತೆಗೆದಳೋ ಅಲ್ಲೇ, ಹಿಡಿಯನ್ನು ಅದೇ ದಿಕ್ಕಿಗೆ ತಿರುಗಿಸಿ ಇಡುತ್ತಿದ್ದಳು. ಅವಳ ಪೆಟ್ಟಿಗೆ ಕಟ್ಟಿದ ಹಗ್ಗ ಬಿಚ್ಚಿರಲಿಲ್ಲ. ಮೇಲಿನದೊಂದನ್ನು ಮಾತ್ರ ತೆರೆದು ಸೀರೆ ತೆಗೆದುಕೊಳ್ಳುತ್ತಿದ್ದಳು. ಕಿಟಕಿಯ ಕೆಳಗೆ ಮೇಸ್ತ್ರಿ ಒಡೆದುಕೊಟ್ಟ ಪಟ್ಟಿ ಬರೀ ಗುಂಡಿಯಾಗಿ ಕಾಯುತ್ತಿತ್ತು. ಮಗ ಅದಕ್ಕೆ ಕೆಂಪು ಮಣ್ಣು, ಮರಳು, ಕೊಳೆತ ಎಲೆಗೊಬ್ಬರ ತಂದು ಸುರಿದ. ಅಕ್ಕ ಕಿಟಕಿಯಿಂದ ನೋಡಿ, “ಮರಳು ಸಾಲದು” ಎಂದಳು. ಇನ್ನೆರಡು ಪುಟ್ಟಿ ತಂದ.

ವಾರಕ್ಕೆರಡು ಸಲ ನಾವಿಬ್ಬರೂ ಬಸ್ಸಿನಲ್ಲಿ ಹಳೇ ಮನೆಗೆ ಹೋಗಿ ಬರುತ್ತಿದ್ದೆವು. ಪ್ರತಿ ಸಲವೂ ಮನೆ ಒಂದು ಕೋಣೆಯಷ್ಟು ಚಿಕ್ಕದಾಗಿರುತ್ತಿತ್ತು. ಮೊದಲು ಬಚ್ಚಲು ಹೋಯಿತು, ಆಮೇಲೆ ಅಡಿಗೆಮನೆ. ನಾನು ಆ ಕಡೆ ನೋಡಲಾರದೆ ನಿಂತರೆ ಅಕ್ಕ ಹಲಗೆಯ ಕೆಳಗೆ ಬಗ್ಗಿ ಎಲೆ ಮುಟ್ಟುತ್ತಿದ್ದಳು. ಮಣ್ಣು ಯಾವಾಗಲೂ ಹದವಾಗಿ ತೇವವಾಗಿರುತ್ತಿತ್ತು. ಧೂಳು ಏಳದಿರಲೆಂದು ಇಟ್ಟಿಗೆಗೆ ಚಿಮುಕಿಸಲು ತಂದ ನೀರಿನಲ್ಲಿ ಮೇಸ್ತ್ರಿ ಸಂಜೆ ಒಂದು ಚೊಂಬು ಇಲ್ಲಿಗೂ ಹಾಕುತ್ತಿದ್ದನಂತೆ. ನಾವು ಹೇಳಿರಲಿಲ್ಲ. ಎಲೆಗಳ ಮೇಲೆ ಕೂತ ಗೋಡೆಯ ಸುಣ್ಣದ ಪುಡಿಯನ್ನೂ ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು. ಅದು ಯಾರೆಂದು ಕೇಳಿದರೆ ಕೆಲಸದವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

ಐದನೇ ವಾರ ಅಕ್ಕ ಒಂದು ಎಲೆ ಹಿಡಿದಳು. ಎಳೆಯಲೂ ಇಲ್ಲ. ಅದು ಮೆತ್ತಗೆ, ಹಳದಿಯಾಗಿ, ಅವಳ ಕೈಗೆ ಬಂತು. ಅವಳು ಅದನ್ನು ನನ್ನ ಅಂಗೈ ಮೇಲೆ ಇಟ್ಟಳು.

“ಓದ್ಕೋ ಬಿ.ಎಸ್ಸಿ.”

ನಾನು ಅಗೆದೆ, ಅವಳು ಹೇಳಿದಳು. ಗುದ್ದಲಿ ದೂರದಿಂದ ಹಾಕು, ಗಡ್ಡೆಗೆ ತಾಗೀತು. ಮೀಟು, ಕೀಳಬೇಡ. ಎಲ್ಲ ಸೇರಿ ಅರವತ್ತಕ್ಕೂ ಹೆಚ್ಚು ಬಂದವು. ದೊಡ್ಡವು ಮುಷ್ಟಿಯಷ್ಟು, ಮರಿಗಳು ಬೆಳ್ಳುಳ್ಳಿ ಎಸಳಿನಷ್ಟು. ಕೆಲವು ಹಗುರಾಗಿದ್ದವು, ಹೊರಗಿನ ಸಿಪ್ಪೆ ಸಡಿಲಾಗಿತ್ತು. ನನ್ನ ಐದು ವಾರದ ಕೆಲಸ. ಅವನ್ನು ಅವಳು ಬೇರೆ ಇಡಲಿಲ್ಲ, ಎತ್ತಿ ಆಡಲೂ ಇಲ್ಲ. ಎಲ್ಲದರ ಜೊತೆಗೇ ಬುಟ್ಟಿಗೆ ಹಾಕಿದಳು.

ನೆರಳಿನಲ್ಲಿ ನಾಲ್ಕು ದಿನ ಆರಿಸಿ, ಭಾನುವಾರ ಬೆಳಿಗ್ಗೆ ನೆಡಲು ಕೂತೆವು. ಮೇಸ್ತ್ರಿ, ತಾನು ಒಡೆದ ಜಾಗ ಹೇಗಿದೆ ನೋಡಿ ಹೋಗೋಣ ಎಂದು ಬಂದಿದ್ದ. ಅಕ್ಕ ಮಣೆಯ ಮೇಲೆ, ಸೊಸೆ ಮಣ್ಣಿನಲ್ಲೇ ಮಂಡಿಯೂರಿ. ನಾನು ಬುಟ್ಟಿಯಿಂದ ಒಂದೊಂದೇ ಎತ್ತಿ ಕೊಡುವವಳು. ಹಿಂದಿನ ದಿನ ಆಶ್ರಮದಿಂದ ಫೋನು ಬಂದಿತ್ತು. ಕೋಣೆ ಖಾಲಿಯಾಗಿದೆ, ಬುಧವಾರದೊಳಗೆ ಹೇಳಿ ಎಂದಿದ್ದರು. ಅಕ್ಕ “ಆಗಲಿ, ಹೇಳ್ತೀನಿ” ಎಂದು ಇಟ್ಟಿದ್ದಳು. ಗಡ್ಡೆ ನೆಡೋವರೆಗೆ ಎಂದು ಅವಳೇ ಹೇಳಿದ್ದ ಗಡುವು ಇನ್ನು ಒಂದು ಗಂಟೆಯಲ್ಲಿ ಮುಗಿಯುವುದಿತ್ತು.

ಸೊಸೆ ನಾಲ್ಕು ಬೆರಳು ಅಂತರದಲ್ಲಿ ಸಾಲಾಗಿ ಗುಳಿ ಮಾಡಿದಳು. ಅಕ್ಕ ಅವಳ ಕೈ ತಡೆದಳು.

“ಇಷ್ಟು ಹತ್ತಿರ ಬೇಡ. ಗೇಣು ಬಿಡು.”

“ಗೇಣು ಬಿಟ್ಟರೆ ಬೋಳು ಬೋಳಾಗಿ ಕಾಣುತ್ತಲ್ಲ ದೊಡ್ಡತ್ತೆ? ಅರ್ಧ ಗಡ್ಡೆ ಉಳಿದುಬಿಡುತ್ತೆ.”

“ಈ ವರ್ಷ ಬೋಳೇ. ಹೊಸ ಮಣ್ಣು, ಬಾಯಾರಿ ಬಂದಿವೆ ಬೇರೆ. ಹೂ ಬಿಟ್ರೆ ನಾಲ್ಕು ಬಿಟ್ಟಾವು. ಬರೋ ವರ್ಷ ಮರಿ ಹಾಕ್ತವೆ, ಅದರ ಮುಂದಿನ ವರ್ಷ ಆ ಮರಿಗಳು ದೊಡ್ಡವಾಗ್ತವೆ. ಆವಾಗ ಒಂದರ ಮೈಮೇಲೆ ಒಂದು ಬಿದ್ದು ಕಿತ್ತಾಡಬಾರದು. ಇದನ್ನ ಮತ್ತೆ ಅಗೆದು ಬಿಡಿಸೋದು ಇನ್ನು ನಾಲ್ಕು ವರ್ಷಕ್ಕೆ. ಅಲ್ಲಿವರೆಗೆ ನಾನು ಕೈ ಹಾಕೋಳಲ್ಲ.”

ಸೊಸೆಯ ಕೈ ಮಣ್ಣಿನಲ್ಲೇ ನಿಂತಿತು. ಅವಳು ತಲೆ ಎತ್ತದೆ, “ನಾಲ್ಕು ವರ್ಷಕ್ಕಾ?” ಎಂದಳು.

“ನಾಲ್ಕೋ ಐದೋ. ಯಾಕೆ, ಅವಸರವಾ ನಿನಗೆ?”

“ಇಲ್ಲ, ಇಲ್ಲ,” ಎಂದು ಅವಳು ಮೊದಲಿನ ಗುಳಿಗಳನ್ನೆಲ್ಲ ಮುಚ್ಚಿ, ಗೇಣು ಹಾಕಿ ಅಳೆದು ಹೊಸದಾಗಿ ತೋಡತೊಡಗಿದಳು.

ಕೊನೆಗೆ ಬುಟ್ಟಿಯಲ್ಲಿ ಇಪ್ಪತ್ತೆರಡು ಗಡ್ಡೆ ಉಳಿದವು. ಒಳ್ಳೆಯವೇ, ತೂಕದವೇ. ನಾನು ಅವನ್ನೇ ನೋಡುತ್ತಿದ್ದೆ. ಆಶ್ರಮದ ಹಿಂದಿನ ತೋಟಕ್ಕೆ ಅಷ್ಟು ಸಾಕು. ಅಕ್ಕ ಒಂದು ಬಟ್ಟೆಯ ಚೀಲ ತರಲು ಹೇಳಿದಳು. ತಂದೆ. ಒಂದೊಂದನ್ನೇ ಒತ್ತಿ ನೋಡಿ ಚೀಲಕ್ಕೆ ಹಾಕಿ, ಬಾಯಿ ಗಂಟು ಹಾಕಿ, ಗೇಟಿನ ಹತ್ತಿರ ಹೊರಟು ನಿಂತಿದ್ದ ಮೇಸ್ತ್ರಿಯನ್ನು ಕೂಗಿದಳು.

“ಏ ಮೇಸ್ತ್ರಿ, ನಿಮ್ಮನೆ ಮುಂದೆ ಮಣ್ಣಿದ್ಯೇನಪ್ಪಾ?”

“ಮಣ್ಣೇ ಇರೋದು ದೊಡ್ಡಮ್ಮ. ಊರಿಗೆಲ್ಲ ಸಿಮೆಂಟು ಹಾಕಿ ನಮ್ಮನೆಗೆ ಹಾಕೋಕೆ ಪುರಸೊತ್ತಾಗಿಲ್ಲ.”

“ಹಾಕಬೇಡ. ಇವನ್ನ ನೆಡು, ಪೂರ್ತಿ ತಗೊಂಡು ಹೋಗು. ನೀರು ನೀನೇ ಹಾಕು, ಓದಿದವರ ಕೈಗೆ ಕೊಡಬೇಡ. ಬರೋ ವರ್ಷ ಹೂ ಬಿಟ್ಟರೆ ಬಂದು ಹೇಳು. ನಾನು ಇಲ್ಲೇ ಇರ್ತೀನಿ.”

ಅವನು ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಸೊಸೆ ಎದ್ದು, ಮಂಡಿಯ ಮಣ್ಣನ್ನು ಕೊಡವದೆ, ಟೀ ಇಡಲು ಒಳಗೆ ಹೋದಳು. ಅವಳ ಹಿಂದೆಯೇ ಅಕ್ಕನ ಕೂಗು ಹೋಯಿತು.

“ದಿನಾ ಮಾಡೋ ಹಾಗೆ ನೀರು ನೀರಾಗಿ ಮಾಡಬೇಡಮ್ಮ, ತಿಂಗಳಿಂದ ಸಹಿಸ್ಕೊಂಡಿದೀನಿ! ಮೇಸ್ತ್ರಿಗೂ ಒಂದು ಲೋಟ ಇಡು!”